ಕತ್ತರಿಯೊಂದಿಗೆ ಕಾವಲೂ ಇರಲಿ

ಕುಲಾಂತರಿ ಬೆಳೆಗಳ ಚರ್ಚೆಯಲ್ಲಿ ವಂಶವಾಹಿಯನ್ನು ‘ಕತ್ತರಿಸಿ ಜೋಡಿಸುವ’ ಮಾತು ಪದೇ ಪದೇ ಕೇಳಿಬರುತ್ತದೆ. ಆ ಕತ್ತರಿ ಮನುಷ್ಯನ ಸೃಷ್ಟಿಯಲ್ಲ. ಒಳನುಗ್ಗುವ ವೈರಸ್ಸಿನ ಡಿಎನ್‌ಎಯನ್ನು ತುಂಡರಿಸಲು ಬ್ಯಾಕ್ಟೀರಿಯಾಗಳು ಬಳಸುವ ರಿಸ್ಟ್ರಿಕ್ಷನ್ ಕಿಣ್ವವೇ ಅದು.

ಇಕೋಆರ್-1 ಎಂಬ ಕಿಣ್ವವು ಜಿ-ಎ-ಎ-ಟಿ-ಟಿ-ಸಿ ಎಂಬ 6 ಅಕ್ಷರಗಳ ಸಾಲನ್ನು ಗುರುತಿಸಿ, ಎರಡೂ ಎಳೆಗಳಲ್ಲಿ ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ಹೀಗೆ ತುಂಡಾದ ತುದಿಗಳಲ್ಲಿ 4 ಅಕ್ಷರಗಳ ಒಂಟಿ ಎಳೆ ಚಾಚಿಕೊಂಡಿರುತ್ತದೆ. ಅದೇ ಕಿಣ್ವದಿಂದ ಕತ್ತರಿಸಿದ ಅನ್ಯ ಜೀವಿಯ ತುಂಡು ಅಲ್ಲಿ ಹೊಂದಿಕೊಳ್ಳುತ್ತದೆ. ಲೈಗೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಬೆಸೆಯುತ್ತದೆ. ಬ್ಯಾಕ್ಟೀರಿಯಾದಲ್ಲಿ ತಯಾರಾದ ಮಾನವ ಇನ್ಸುಲಿನ್ 1982ರಲ್ಲಿ ಔಷಧವಾಗಿ ಮಾನ್ಯತೆ ಪಡೆದದ್ದು ಈ ವಿದ್ಯೆಯ ಫಲ. ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಬ್ಯಾಕ್ಟೀರಿಯಾದ ಬಳಿ ಇರುವುದು ಬರಿಯ ಕತ್ತರಿಯಲ್ಲ. ತನ್ನ ಡಿಎನ್‌ಎಯಲ್ಲಿರುವ ಅದೇ ಸಾಲುಗಳಿಗೆ ಮೀಥೈಲ್ ಗುಂಪನ್ನು ಅಂಟಿಸಿ, ತನ್ನದೇ ಕತ್ತರಿಯಿಂದ ತನ್ನನ್ನು ಕಾಯ್ದುಕೊಳ್ಳುತ್ತದೆ. 1975ರಲ್ಲಿ ಅಮೆರಿಕದ ಅಸಿಲೊಮಾರ್‌ನಲ್ಲಿ ಸೇರಿದ ವಿಜ್ಞಾನಿಗಳು ಇಂಥ ಪ್ರಯೋಗಗಳಿಗೆ ತಾವೇ ಸುರಕ್ಷತೆಯ ಮಿತಿಗಳನ್ನು ಸೂಚಿಸಿದಾಗ ತೋರಿದ್ದೂ ಅಂಥದೇ ವಿವೇಕ.

ಪ್ರಯೋಗಾಲಯದ ಪಾತ್ರೆಯೊಳಗಿನ ಬ್ಯಾಕ್ಟೀರಿಯಾ ಬೇರೆ, ಪರಾಗವನ್ನು ಜೇನ್ನೊಣಕ್ಕೆ ಒಪ್ಪಿಸುವ ಹೊಲದ ಬೆಳೆ ಬೇರೆ. ಬಿಟಿ ಬದನೆಯ ಕುರಿತು ಬೆಂಗಳೂರೂ ಸೇರಿ 7 ನಗರಗಳಲ್ಲಿ ಜನರ ಅಹವಾಲು ಆಲಿಸಿದ ಕೇಂದ್ರ ಸರ್ಕಾರ, 2010ರ ಫೆಬ್ರವರಿ 9ರಂದು ಅದಕ್ಕೆ ತಡೆಯೊಡ್ಡಿತು. ಅದು ವಿಜ್ಞಾನಕ್ಕೆ ಹಾಕಿದ ಬೇಲಿಯಲ್ಲ. ನಾಟಿ ತಳಿಗಳಿಗೆ ಇಟ್ಟ ಕಾವಲು. ಕತ್ತರಿಯನ್ನು ನಿಸರ್ಗದಿಂದ ಪಡೆದವರು ಕಾವಲಿನ ಪಾಠವನ್ನೂ ಅಲ್ಲಿಂದಲೇ ಕಲಿಯಬೇಕು.