ಎರಡು ಡೋಸ್ ಆಯ್ತಲ್ಲ, ಇನ್ಯಾಕೆ ಅನ್ನಬೇಡಿ: ರಕ್ತದ ಕ್ಯಾನ್ಸರ್ ಇರುವ ಮನೆಯವರಿಗೆ ಒಂದು ಮಾತು



ಮಂಜೇಶ್ವರ ಕಡೆಯ ಹುಡುಗನೊಬ್ಬ ನಮಗೆ ಮೆಸೇಜ್ ಹಾಕಿದ್ದ. ಅವನ ದೊಡ್ಡಪ್ಪನಿಗೆ ರಕ್ತದ ಕ್ಯಾನ್ಸರ್. ಕೋವಿಡ್ ಲಸಿಕೆ ಎರಡು ಡೋಸ್ ಆಗಿದೆ. ಬೂಸ್ಟರ್ ಆಗಿಲ್ಲ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ ಅಂತ ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಚೀಟಿ ಮೂರು ತಿಂಗಳಿಂದ ಕ್ಯಾಲೆಂಡರ್ ಹಿಂದೆಯೇ ಉಂಟು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ಮೊದಲೇ ಸೋತ ಮೈ, ಅದಕ್ಕೆ ಮತ್ತೆ ಸೂಜಿ ಯಾಕೆ?" ಕೊನೆಗೆ ಹುಡುಗ ಕೇಳಿದ್ದು ಇಷ್ಟು: "ನಾನು ಏನು ಮಾಡ್ಬೇಕು?"

ಇದು ಒಂದು ಮನೆಯ ಪ್ರಶ್ನೆ ಅಲ್ಲ. ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ, ಎಲ್ಲ ಕಡೆಯೂ ಇಂಥ ಚೀಟಿಗಳು ಕ್ಯಾಲೆಂಡರ್ ಹಿಂದೆ ಇರ್ತವೆ. ಅದಕ್ಕೇ ಈ ಸಲದ ಸಂಪಾದಕೀಯವನ್ನು ಇದಕ್ಕೆ ಮೀಸಲಿಟ್ಟಿದ್ದೇವೆ. ನಾವು ಡಾಕ್ಟರುಗಳಲ್ಲ. ಯಾವ ಲಸಿಕೆ, ಯಾವಾಗ ಅನ್ನೋದನ್ನು ಚಿಕಿತ್ಸೆ ಕೊಡುವ ಡಾಕ್ಟರೇ ಹೇಳಬೇಕು. ಆದರೆ ಅವರ ಹತ್ತಿರ ಏನು ಕೇಳಬೇಕು ಅನ್ನೋದು ಮನೆಯ ಓದಿದ ಹುಡುಗ ಹುಡುಗಿಯರಿಗೆ ಗೊತ್ತಿರಬೇಕು.

ಮೊದಲು ಕಾರಣ ತಿಳಿಯೋಣ. ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಈ ಮೂರನ್ನೂ ನಾವು ಒಟ್ಟಾಗಿ ರಕ್ತದ ಕ್ಯಾನ್ಸರ್ ಅಂತೀವಿ. ಲಸಿಕೆ ಹಾಕಿಸಿದಾಗ ರೋಗದ ವಿರುದ್ಧ ಪ್ರತಿಕಾಯ ತಯಾರಿಸೋದು ರಕ್ತದಲ್ಲಿರುವ ಒಂದು ಬಗೆಯ ಬಿಳಿ ಕಣ, ಅದರ ಹೆಸರು ಬಿ ಕಣ. ಈ ಕ್ಯಾನ್ಸರುಗಳಲ್ಲಿ ಹಲವು ಹುಟ್ಟೋದೇ ಆ ಕಣಗಳಲ್ಲಿ. ಅದರ ಮೇಲೆ ರಿಟುಕ್ಸಿಮ್ಯಾಬ್‌ನಂಥ ಔಷಧ ಕ್ಯಾನ್ಸರ್ ಕಣದ ಜೊತೆಗೆ ಒಳ್ಳೆಯ ಬಿ ಕಣಗಳನ್ನೂ ಅಳಿಸಿಹಾಕುತ್ತದೆ. ಪೊಲೀಸ್ ಠಾಣೆಗೆ ಕಳ್ಳನ ಫೋಟೋ ಕಳಿಸಿದ್ದೀವಿ, ಆದರೆ ಠಾಣೆಯಲ್ಲಿ ಪೊಲೀಸರೇ ಇಲ್ಲ ಅಂದ ಹಾಗೆ. ಲಸಿಕೆ ಕೆಟ್ಟದ್ದಲ್ಲ, ಅದನ್ನು ತಗೊಂಡು ಕೆಲಸ ಮಾಡುವವರ ಸಂಖ್ಯೆ ಕಡಿಮೆ.

ಇದಕ್ಕೆ ಲೆಕ್ಕವೂ ಇದೆ. 2021ರಲ್ಲಿ ಇಸ್ರೇಲಿನ ವೈದ್ಯರು ಸಿಎಲ್ಎಲ್ ಅನ್ನೋ ರಕ್ತದ ಕ್ಯಾನ್ಸರ್ ಇರುವ 167 ಜನರನ್ನು ಪರೀಕ್ಷಿಸಿದರು. ಫೈಜರ್ ಲಸಿಕೆಯ ಎರಡು ಡೋಸ್ ಆದ ಮೇಲೆ ಪ್ರತಿಕಾಯ ಬಂದಿದ್ದು ನೂರರಲ್ಲಿ ಸುಮಾರು 40 ಜನರಿಗೆ ಮಾತ್ರ. ಚಿಕಿತ್ಸೆ ನಡೆಯುತ್ತಿದ್ದವರಲ್ಲಿ ನೂರಕ್ಕೆ 16. ಚಿಕಿತ್ಸೆ ಮುಗಿಸಿ ಕಾಯಿಲೆ ಪೂರ್ತಿ ಹತೋಟಿಗೆ ಬಂದಿದ್ದವರಲ್ಲಿ ನೂರಕ್ಕೆ 79. ಎರಡು ಡೋಸಿಗೂ ಪ್ರತಿಕಾಯ ಬರದವರಿಗೆ ಮೂರನೇ ಡೋಸ್ ಕೊಟ್ಟು ನೋಡಿದಾಗ ನೂರರಲ್ಲಿ ಸುಮಾರು 24 ಜನರಿಗೆ ಬಂತು. "ಬರೀ 24 ಅಷ್ಟೇನಾ" ಅನ್ನಬಹುದು. ಆ 24 ಜನರಲ್ಲಿ ನಮ್ಮ ದೊಡ್ಡಪ್ಪ ಇದ್ದರೆ? ಆರೋಗ್ಯವಂತರಿಗೆ ಬೂಸ್ಟರ್ ಅಂದರೆ ಇದ್ದ ಬಲಕ್ಕೆ ಇನ್ನಷ್ಟು ಬಲ. ಇವರಲ್ಲಿ ಕೆಲವರಿಗೆ ಮೂರನೆಯದ್ದೇ ಮೊದಲನೇ ಬಲ.

ಆಗ ಒಂದು ಸುದ್ದಿ ವಾಟ್ಸಾಪಿನಲ್ಲಿ ಓಡಾಡಿತ್ತು, ನೆನಪಿದೆಯಾ? ಅಮೆರಿಕದ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪಾವೆಲ್ 2021ರ ಅಕ್ಟೋಬರ್ 18ರಂದು ಕೋವಿಡ್‌ನಿಂದ ತೀರಿಕೊಂಡರು. ಅವರಿಗೆ 84 ವರ್ಷ, ಎರಡೂ ಡೋಸ್ ಆಗಿತ್ತು. "ನೋಡಿ, ಲಸಿಕೆ ಹಾಕಿಸಿದ್ರೂ ಸತ್ತರು" ಅಂತ ಫಾರ್ವರ್ಡ್ ಮಾಡಿದವರು ಒಂದು ವಿಷಯ ಬಿಟ್ಟಿದ್ದರು. ಅವರಿಗೆ ಮಲ್ಟಿಪಲ್ ಮೈಲೋಮಾ, ಅಂದರೆ ರಕ್ತದ ಕ್ಯಾನ್ಸರ್ ಇತ್ತು. ಅವರ ಸಾವಿನಿಂದ ಕಲಿಯಬೇಕಾದ್ದು ಲಸಿಕೆ ದಂಡ ಅಂತಲ್ಲ. ಇಂಥವರಿಗೆ ಎರಡು ಡೋಸ್ ಸಾಲದು, ಅವರ ಸುತ್ತ ಇರುವವರೂ ಹಾಕಿಸಿಕೊಂಡಿರಬೇಕು ಅಂತ.

ನಮ್ಮ ದೇಶ ಇವರನ್ನು ಹೇಗೆ ನೋಡಿತು? ಆರಂಭ ಚೆನ್ನಾಗಿಯೇ ಇತ್ತು. 2021ರ ಮಾರ್ಚ್ 1ರಿಂದ 45ರಿಂದ 59 ವರ್ಷದವರಲ್ಲಿ 20 ಬಗೆಯ ಕಾಯಿಲೆ ಇರುವವರಿಗೆ ಮೊದಲು ಲಸಿಕೆ ಕೊಟ್ಟರು. ಆ ಪಟ್ಟಿಯಲ್ಲಿ ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಮೂರೂ ಇದ್ದವು. ಆದರೆ ಬೂಸ್ಟರ್ ಬಂದಾಗ ಆ ಪಟ್ಟಿಯನ್ನು ಮರೆತರು. 2022ರ ಜನವರಿ 10ರಂದು 'ಮುನ್ನೆಚ್ಚರಿಕೆ ಡೋಸ್' ಶುರುವಾದಾಗ ಆರೋಗ್ಯ ಸಿಬ್ಬಂದಿ, ಮುಂಚೂಣಿ ಕಾರ್ಯಕರ್ತರು ಮತ್ತು ಬೇರೆ ಕಾಯಿಲೆ ಇರುವ 60 ದಾಟಿದವರಿಗೆ ಮಾತ್ರ. ಅದೂ ಎರಡನೇ ಡೋಸ್ ಆಗಿ 9 ತಿಂಗಳಾದ ಮೇಲೆ. ಕೀಮೋ ತಗೊಳ್ತಿರೋ 40 ವರ್ಷದ ತಾಯಿಗೆ ಆ ಸಾಲಿನಲ್ಲಿ ಜಾಗವೇ ಇರಲಿಲ್ಲ. ಏಪ್ರಿಲ್ 10ರಿಂದ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬಹುದಾಯಿತು. ಸರ್ಕಾರಿ ಕೇಂದ್ರದಲ್ಲಿ 18 ದಾಟಿದ ಎಲ್ಲರಿಗೂ ಉಚಿತವಾಗಿದ್ದು ಜುಲೈ 15ರಿಂದ, ಅದೂ 75 ದಿನ ಮಾತ್ರ. ಅಮೆರಿಕ 2021ರ ಆಗಸ್ಟ್‌ನಲ್ಲೇ, ಬ್ರಿಟನ್ ಸೆಪ್ಟೆಂಬರ್‌ನಲ್ಲೇ ರೋಗನಿರೋಧಕ ಶಕ್ತಿ ಕುಂದಿದವರಿಗೆ ಮೂರನೇ ಡೋಸ್ ಕೊಡಿ ಅಂದಿದ್ದವು. ನಮ್ಮಲ್ಲಿ ಇವರನ್ನು ಎಲ್ಲರ ಸಾಲಿನಲ್ಲೇ ನಿಲ್ಲಿಸಿದರು. ಮುಂದೆ ಯಾವ ಪಿಡುಗು ಬಂದರೂ ಈ ತಪ್ಪು ಮರುಕಳಿಸಬಾರದು ಅನ್ನೋದು ನಮ್ಮ ಸ್ಪಷ್ಟ ಅಭಿಪ್ರಾಯ.

ಕೋವಿಡ್ ಮಾತು ಈಗ ತಣ್ಣಗಾಗಿದೆ. ಆದರೆ ರಕ್ತದ ಕ್ಯಾನ್ಸರ್ ಇರುವವರಿಗೆ ಸೋಂಕಿನ ಭಯ ತಣ್ಣಗಾಗಿಲ್ಲ. ಡಾಕ್ಟರ ಹತ್ತಿರ ಕೇಳಲೇಬೇಕಾದ ಲಸಿಕೆಗಳು ಇವು:

ಒಂದು, ಫ್ಲೂ ಇಂಜೆಕ್ಷನ್. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಇದನ್ನು ಪ್ರತಿ ವರ್ಷ ಹಾಕಿಸಬೇಕು.

ಎರಡು, ನ್ಯುಮೋನಿಯಾ ತರುವ ನ್ಯುಮೋಕಾಕಸ್ ವಿರುದ್ಧದ ಲಸಿಕೆ. ಇದರಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಇದೆ, ಯಾವುದು ಮೊದಲು ಅನ್ನೋದನ್ನು ಡಾಕ್ಟರ್ ಹೇಳ್ತಾರೆ.

ಮೂರು, ಹೆಪಟೈಟಿಸ್ ಬಿ. ರಿಟುಕ್ಸಿಮ್ಯಾಬ್ ಶುರು ಮಾಡುವ ಮುಂಚೆ ಇದರ ರಕ್ತಪರೀಕ್ಷೆ ಆಗಲೇಬೇಕು. ಯಾಕಂದ್ರೆ ಮೈಯಲ್ಲಿ ಮಲಗಿರುವ ಹೆಪಟೈಟಿಸ್ ಬಿ ಆ ಔಷಧದಿಂದ ಎದ್ದು ಕೂರಬಹುದು.

ನಾಲ್ಕು, ಸರ್ಪಸುತ್ತಿನ ಲಸಿಕೆ. ಜೀವಂತ ವೈರಸ್ ಇಲ್ಲದ ಶಿಂಗ್ರಿಕ್ಸ್ 2023ರಿಂದ ಭಾರತದಲ್ಲೂ ಸಿಗ್ತಿದೆ. ಬೆಲೆ ಮಾತ್ರ ಒಂದೊಂದು ಡೋಸಿಗೂ ಸಾವಿರಗಟ್ಟಲೆ.

ಇನ್ನೊಂದನ್ನು ಗಟ್ಟಿಯಾಗಿ ನೆನಪಿಡಿ. ಲಸಿಕೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಸತ್ತ ರೋಗಾಣು ಅಥವಾ ಅದರ ತುಣುಕಿನಿಂದ ಮಾಡಿದ್ದು ಒಂದು, ಬಲ ಕುಗ್ಗಿಸಿದ ಜೀವಂತ ರೋಗಾಣುವಿನಿಂದ ಮಾಡಿದ್ದು ಇನ್ನೊಂದು. ಚಿಕಿತ್ಸೆಯಲ್ಲಿರುವ ರಕ್ತದ ಕ್ಯಾನ್ಸರ್ ರೋಗಿಗೆ ಜೀವಂತ ಲಸಿಕೆ ಕೂಡದು. ಬಾಯಿಗೆ ಹಾಕುವ ಪೋಲಿಯೋ ಹನಿ, ದಡಾರ ಲಸಿಕೆ, ಚಿಕನ್‌ಪಾಕ್ಸ್ ಲಸಿಕೆ, ಬಿಸಿಜಿ, ಮೂಗಿಗೆ ಬಿಡುವ ಜೀವಂತ ಫ್ಲೂ ಲಸಿಕೆ, ಇವೆಲ್ಲ ಆ ಗುಂಪು. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಈ ಗುಂಪಿಗೆ ಸೇರಿದವಲ್ಲ.

ಮನೆಯಲ್ಲಿ ಪುಟ್ಟ ಮಗು ಇದ್ದರೆ ಇನ್ನೊಂದು ವಿಷಯ. ಪೋಲಿಯೋ ಹನಿ ಹಾಕಿಸಿಕೊಂಡ ಮಗುವಿನ ಮಲದಲ್ಲಿ ಆ ವೈರಸ್ ಕೆಲವು ವಾರ ಹೊರಬರ್ತಿರುತ್ತದೆ. ಹಾಗಂತ ಮಗುವಿನ ಲಸಿಕೆ ತಪ್ಪಿಸಬೇಡಿ. ಮನೆಯಲ್ಲಿ ಇಂಥ ರೋಗಿ ಇದ್ದಾರೆ ಅಂತ ಮೊದಲೇ ಹೇಳಿ, ಹನಿಯ ಬದಲು ಪೋಲಿಯೋ ಇಂಜೆಕ್ಷನ್ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ. ಮಕ್ಕಳ ದಡಾರ ಲಸಿಕೆಗೆ ಈ ತೊಂದರೆ ಇಲ್ಲ, ಅದನ್ನು ಹಾಕಿಸಿ. ಮನೆಯ ದೊಡ್ಡವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡರೆ ರೋಗಿಯ ಸುತ್ತ ಒಂದು ಬೇಲಿ ಕಟ್ಟಿದ ಹಾಗೆ.

ಸಮಯವೂ ಮುಖ್ಯ. ಆಗೋದಾದರೆ ಚಿಕಿತ್ಸೆ ಶುರುವಾಗುವ ಎರಡು ವಾರ ಮುಂಚೆಯೇ ಲಸಿಕೆ ಮುಗಿದಿದ್ದರೆ ಒಳ್ಳೇದು. ರಿಟುಕ್ಸಿಮ್ಯಾಬ್ ಆದ ಮೇಲೆ ಸುಮಾರು ಆರು ತಿಂಗಳು ಲಸಿಕೆ ಸರಿಯಾಗಿ ನಾಟುವುದಿಲ್ಲ. ಅಸ್ಥಿಮಜ್ಜೆ ಕಸಿ ಆದವರಿಗೆ ಬಾಲ್ಯದ ಲಸಿಕೆಗಳ ಬಲವೂ ಅಳಿಸಿಹೋಗುವುದರಿಂದ ಕೂಸಿಗೆ ಹಾಕಿಸಿದ ಹಾಗೆ ಮತ್ತೆ ಮೊದಲಿಂದ ಹಾಕಿಸಬೇಕು. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಸೂಜಿ ಹಾಕುವ ಮುಂಚೆ ನರ್ಸಿಗೆ ಹೇಳಿ. ಸಣ್ಣ ಸೂಜಿ ಬಳಸಿ, ಉಜ್ಜದೆ ಕೆಲವು ನಿಮಿಷ ಒತ್ತಿಹಿಡಿಯಬೇಕು. ಎಷ್ಟು ಲಸಿಕೆ ಆಗಿದ್ದರೂ ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಇನ್ನು ನಮ್ಮ ಗಡಿಯ ಮಾತು. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರ, ಮೈಸೂರಿಗೆ, ರಾಯದುರ್ಗದವರು ಬಳ್ಳಾರಿಗೆ, ದೊಡ್ಡ ಕಾಯಿಲೆ ಅಂದರೆ ಎಷ್ಟೋ ಜನ ಬೆಂಗಳೂರಿನ ಕಿದ್ವಾಯಿಗೆ. ಕ್ಯಾನ್ಸರ್ ಚಿಕಿತ್ಸೆ ಒಂದು ರಾಜ್ಯದಲ್ಲಿ, ಲಸಿಕೆ ಹಾಕುವ ಪಿಎಚ್‌ಸಿ ಇನ್ನೊಂದು ರಾಜ್ಯದಲ್ಲಿ. ಅಲ್ಲಿನ ಫೈಲು ಇಲ್ಲಿನವರಿಗೆ ಕಾಣುವುದಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಅಂಬುಲೆನ್ಸ್‌ನಲ್ಲಿ ಸಿಕ್ಕಿಕೊಂಡದ್ದು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋದದ್ದು ನಾವ್ಯಾರೂ ಮರೆತಿಲ್ಲ. ಈಗ ರಸ್ತೆಯೇನೋ ತೆರೆದಿದೆ. ಆದರೆ ನರ್ಸಮ್ಮ ಕೇಳಿದ್ದು ಅಜ್ಜಿಗೆ ಅರ್ಥವಾಗದೆ, ಅಜ್ಜಿ ಸುಮ್ಮನೆ ತಲೆ ಆಡಿಸಿದರೆ, ಅದೂ ಮುಚ್ಚಿದ ಗಡಿಯೇ.

ಮನೆಯವರಿಗೆ ಈ ಒಂದು ವಾಕ್ಯ ಕಲಿಸಿ. ಮಲಯಾಳದಲ್ಲಿ "ಎನಿಕ್ಕ್ ರಕ್ತಾರ್ಬುದಂ ಉಂಡ್." ತಮಿಳಿನಲ್ಲಿ "ಎನಕ್ಕು ರತ್ತ ಪುಟ್ರುನೋಯ್ ಇರುಕ್ಕು." ಮರಾಠಿಯಲ್ಲಿ "ಮಲಾ ರಕ್ತಾಚಾ ಕರ್ಕರೋಗ ಆಹೆ." ತೆಲುಗಿನಲ್ಲಿ "ನಾಕು ಬ್ಲಡ್ ಕ್ಯಾನ್ಸರ್ ಉಂದಿ." ಕನ್ನಡ ಬಿಟ್ಟುಕೊಡಿ ಅಂತ ನಾವು ಹೇಳ್ತಿಲ್ಲ. ಜೀವ ಉಳಿದರೆ ತಾನೇ ಕನ್ನಡದಲ್ಲಿ ಮಾತಾಡೋದು? ಭಾಷಾ ಅಲ್ಪಸಂಖ್ಯಾತರು ಹೆಚ್ಚಿರುವ ಊರಿನ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಸೂಚನೆಗಳು ಕನ್ನಡದಲ್ಲೂ ಇರಬೇಕು ಅನ್ನೋ ಬೇಡಿಕೆ ಬೇರೆ, ಅದನ್ನು ಕೇಳೋದು ನಾವು ನಿಲ್ಲಿಸುವುದಿಲ್ಲ. ಅದರ ಜೊತೆಗೆ ಇನ್ನೊಂದು ಬೇಡಿಕೆ: ರಕ್ತದ ಕ್ಯಾನ್ಸರ್ ರೋಗಿಗಳಿಗೆ ಫ್ಲೂ, ನ್ಯುಮೋನಿಯಾ ಲಸಿಕೆಯನ್ನು ಸರ್ಕಾರಗಳು ಉಚಿತವಾಗಿ ಕೊಡಬೇಕು. ಸಾವಿರಗಟ್ಟಲೆ ಕೊಟ್ಟು ಹಾಕಿಸಿಕೊಳ್ಳಿ ಅಂದರೆ ಬೀಡಿ ಕಟ್ಟುವ, ಕೂಲಿಗೆ ಹೋಗುವ ಮನೆಗೆ ಅದು ಆಗುವ ಮಾತಲ್ಲ.

ಮಂಜೇಶ್ವರದ ತಮ್ಮ, ನೀನು ಕೇಳಿದ್ದಕ್ಕೆ ನಮ್ಮ ಉತ್ತರ ಇದು. ಆ ಚೀಟಿ ಕ್ಯಾಲೆಂಡರ್ ಹಿಂದಿನಿಂದ ತೆಗಿ. ಒಂದು ನೋಟ್‌ಬುಕ್ಕಿನಲ್ಲಿ ದೊಡ್ಡಪ್ಪನ ಕಾಯಿಲೆಯ ಹೆಸರು, ಔಷಧಗಳ ಹೆಸರು, ಕೊನೆಯ ಕೀಮೋ ತಾರೀಕು, ಇದುವರೆಗೆ ಆದ ಲಸಿಕೆಗಳ ತಾರೀಕು ಬರಿ. ಮುಂದಿನ ಸಲ ಮಂಗಳೂರಿಗೆ ಹೋಗುವಾಗ ನೀನೂ ಜೊತೆಗೆ ಹೋಗು. "ಕೋವಿಡ್ ಬೂಸ್ಟರ್ ಬೇಕಾ? ಫ್ಲೂ ಯಾವಾಗ? ನ್ಯುಮೋನಿಯಾ ಯಾವುದು? ಮನೆಯವರು ಏನು ಹಾಕಿಸಬೇಕು?" ಈ ನಾಲ್ಕು ಪ್ರಶ್ನೆ ಕೇಳು, ಉತ್ತರ ಬರೆಸಿಕೋ. "ಸೋತ ಮೈಗೆ ಸೂಜಿ ಯಾಕೆ" ಅನ್ನುವ ದೊಡ್ಡಮ್ಮನಿಗೆ, ಮೈ ಸೋತಿರೋದಕ್ಕೇ ಸೂಜಿ ಬೇಕಾಗಿರೋದು ಅಂತ ನಿಧಾನಕ್ಕೆ ಹೇಳು. ದೊಡ್ಡಪ್ಪನಿಗೆ ಸೂಜಿ ಹಾಕಿಸುವ ಮುಂಚೆ ನಿನ್ನ ಫ್ಲೂ ಲಸಿಕೆ ಹಾಕಿಸಿಕೋ.

ಉಳಿದ ಗೆಳೆಯರೇ, ನಿಮ್ಮ ಬೀದಿಯಲ್ಲೂ ಇಂಥ ಒಂದು ಮನೆ ಇರಬಹುದು. ಇವತ್ತು ಸಂಜೆ ಹೋಗಿ ಕೇಳಿ: "ಚೀಟಿ ಎಲ್ಲಿಟ್ಟಿದ್ದೀರಿ?"