ಬಿಲ್ಲಿಗೆ ಬಹುಮಾನ ಸಾಕು, ಇನ್ನು ಕುಂಚಕ್ಕೆ ಕೊಡಿ

ಹೋದ ದಸರಾದಲ್ಲಿ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಗೊಂಬೆ ಕೂರಿಸುವ ಸ್ಪರ್ಧೆ ನಡೆಯಿತು. ವರದಿಗೆ ಹೋಗಿದ್ದವನು ನಾನೇ. ಮೊದಲ ಬಹುಮಾನ ಬಂದ ಮನೆಯಲ್ಲಿ 9 ಮೆಟ್ಟಿಲು, 800ಕ್ಕೂ ಹೆಚ್ಚು ಗೊಂಬೆ, ಮೇಲೆ ಸೀರಿಯಲ್ ಲೈಟು. ಅರ್ಧಕ್ಕರ್ಧ ಗೊಂಬೆಗಳ ತಳದಲ್ಲಿ ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

ಅದೇ ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜಿ ಇದ್ದರು. 3 ಮೆಟ್ಟಿಲು, 30 ಚಿಲ್ಲರೆ ಗೊಂಬೆ. ಒಂದೊಂದಕ್ಕೂ ಅವರೇ ಬಣ್ಣ ಬಳಿದದ್ದು. ಅದರಲ್ಲಿ ಗೇಣುದ್ದದ ಒಬ್ಬ ಮಣ್ಣಿನ ಪೋಸ್ಟ್‌ಮ್ಯಾನ್ ಇದ್ದ. "ಇವನು ಮೊದಲು ಪೊಲೀಸಪ್ಪ ಆಗಿದ್ದ ಕಣಪ್ಪ. ಒಂದು ಮಳೆಗಾಲ ಅಟ್ಟ ಸೋರಿ ಮುಖ, ಟೋಪಿ ಎಲ್ಲ ಹೋಯ್ತು. ಕೈಲಿದ್ದ ಲಾಠಿ ಮುರಿದಿತ್ತು. ಅದಕ್ಕೇ ಖಾಕಿ ಬಳಿದು, ಹೆಗಲಿಗೆ ಚೀಲ ಬರೆದು, ನೌಕರಿ ಬದಲಾಯಿಸಿದೆ" ಅಂದರು. ತೀರ್ಪುಗಾರರೂ ನಕ್ಕರು. ನಕ್ಕು ಮುಂದಿನ ಮನೆಗೆ ಹೋದರು.

ಆಮೇಲೆ ಅಂಕಪಟ್ಟಿ ನೋಡಿದೆ. ಗೊಂಬೆಗಳ ಸಂಖ್ಯೆಗೆ 40, ಅಲಂಕಾರಕ್ಕೆ 30, ವಿಷಯಕ್ಕೆ 20, ಸ್ವಚ್ಛತೆಗೆ 10. ಬಣ್ಣ ಬಳಿದ ಕೈಗೆ ಸೊನ್ನೆ. ಸೊನ್ನೆ ಅಂತ ಬರೆಯುವುದಕ್ಕೂ ಅಲ್ಲಿ ಒಂದು ಕಾಲಂ ಇರಲಿಲ್ಲ. ಅಜ್ಜಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆವತ್ತು ರಾತ್ರಿ ನಾನು ಕಳಿಸಿದ ಸುದ್ದಿಯ ತಲೆಬರಹದಲ್ಲಿ ಇದ್ದದ್ದು 800 ಗೊಂಬೆಗಳು. ಫೋಟೊ ಕೂಡ ಅದೇ ಮನೆಯದು. ಅಜ್ಜಿಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನಮ್ಮಂಥ ಸ್ಟ್ರಿಂಗರ್‌ಗಳಿಗೆ ಸುದ್ದಿ ಅಚ್ಚಾದರೆ ಕಾಸು, ಅಚ್ಚಾಗಬೇಕಾದರೆ ದೊಡ್ಡ ಸಂಖ್ಯೆ ಬೇಕು. ಆ ತೀರ್ಪುಗಾರರ ಹಾಗೆಯೇ ನಾನೂ ಎಣಿಸಿದೆ. ಹಾಗಾಗಿ ಈ ಬರಹದಲ್ಲಿರುವ ಬೈಗುಳದಲ್ಲಿ ನನಗೂ ಒಂದು ಪಾಲಿದೆ.

ವಿಷಯ ಇಷ್ಟೇ. ನಮ್ಮ ಗೊಂಬೆ ಸ್ಪರ್ಧೆಗಳು ಕಲೆಗೆ ಬಹುಮಾನ ಕೊಡುತ್ತಿಲ್ಲ, ಬಿಲ್ಲಿಗೆ ಕೊಡುತ್ತಿವೆ. ಯಾರ ಕೈಲಿ ದುಡ್ಡಿದೆಯೋ ಅವರೇ ಗೆಲ್ಲುತ್ತಾರೆ. ಗೆದ್ದವರು ಮುಂದಿನ ವರ್ಷ ಇನ್ನಷ್ಟು ಕೊಳ್ಳುತ್ತಾರೆ. ಸೋತವರು ಹಳೆಯ ಗೊಂಬೆಗಳನ್ನು ಗೋಣಿಚೀಲಕ್ಕೆ ಕಟ್ಟಿ ಅಟ್ಟಕ್ಕೆ ಎಸೆಯುತ್ತಾರೆ. ಎರಡು ಕಡೆಯೂ ಕುಂಚ ಹಿಡಿದವರು ಯಾರೂ ಇಲ್ಲ.

"ಗೊಂಬೆ ಅಂದಮೇಲೆ ಕೊಳ್ಳದೆ ಇನ್ನೇನು ಸ್ವಾಮಿ, ಬಣ್ಣ ಬಳಿಯೋದು ಅದರವರ ಕೆಲಸ" ಅನ್ನುತ್ತೀರಿ. ಹಾಗಾದರೆ ಅದರವರ ಕೆಲಸ ಎಂಥದ್ದು ಅಂತ ಒಮ್ಮೆ ನೋಡೋಣ.

ಕೊಪ್ಪಳದ ಹತ್ತಿರ ಕಿನ್ನಾಳ ಅಂತ ಒಂದು ಊರಿದೆ. ಅಲ್ಲಿನ ಚಿತ್ರಗಾರರ ಮನೆಗಳಲ್ಲಿ ಹಗುರವಾದ ಮರದಿಂದ ಗೊಂಬೆ ಮಾಡುತ್ತಾರೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಚಾವಣಿ ಚಿತ್ರಗಳು ಇವರ ಹಿರೀಕರ ಕೈಕೆಲಸ ಅನ್ನುವ ಮಾತಿದೆ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಮರ ಕೆತ್ತಿದ ಕೂಡಲೇ ಬಣ್ಣ ಹಚ್ಚುವುದಿಲ್ಲ. ಗೋಣಿನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿ 'ಕಿಟ್ಟ' ಮಾಡುತ್ತಾರೆ. ಅದನ್ನು ಗೊಂಬೆಯ ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹುಣಸೆ ಅಂಟಿನಿಂದ ಅರಳೆಯ ಚೂರುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಕೊರಳಿನ ಸರ, ಕಿವಿಯ ಓಲೆ ಎಲ್ಲ ಆ ಲೇಪದಲ್ಲೇ ಉಬ್ಬಿ ಬರುವ ಹಾಗೆ ಮಾಡುತ್ತಾರೆ. ಬಣ್ಣದ ಸರದಿ ಬರುವುದು ಇಷ್ಟೆಲ್ಲ ಆದಮೇಲೆ.

ಈಗ ನಾವು ಏನು ಮಾಡುತ್ತೇವೆ ನೋಡಿ. ಅಂಗಡಿಯಲ್ಲಿ ಆ ಗೊಂಬೆ ಎತ್ತಿ, ತಿರುಗಿಸಿ, "ಇಷ್ಟು ಚಿಕ್ಕದಕ್ಕೆ ಇಷ್ಟೊಂದಾ?" ಅನ್ನುತ್ತೇವೆ. ಪಕ್ಕದ ಪ್ಲಾಸ್ಟರ್ ಆಫ್ ಪ್ಯಾರಿಸ್ ಗೊಂಬೆ ಅದರ ಕಾಲುಭಾಗದ ಬೆಲೆಗೆ ಸಿಗುತ್ತದೆ. ಅಚ್ಚಿನಿಂದ ತೆಗೆದದ್ದು, ಸ್ಪ್ರೇ ಹೊಡೆದದ್ದು. ಸ್ಪರ್ಧೆಯಲ್ಲಿ ಎರಡಕ್ಕೂ ಲೆಕ್ಕ ಒಂದೇ. ಹಾಗಿದ್ದಮೇಲೆ ಒಂದರ ದುಡ್ಡಿಗೆ ನಾಲ್ಕು ತರುವವನೇ ಜಾಣ. ನಿಯಮವೇ ಹೀಗಿರುವಾಗ ಕಿನ್ನಾಳದ ಹುಡುಗ ಕುಂಚ ಬಿಟ್ಟು ಬೇರೆ ಕೂಲಿಗೆ ಹೋದರೆ ಅವನನ್ನು ಹೇಗೆ ಬೈಯುತ್ತೀರಿ?

ಕಷ್ಟ ಏನೆಂದು ಗೊತ್ತಾಗಬೇಕಾದರೆ ಒಂದು ಗೊಂಬೆಯ ಕಣ್ಣಿಗೆ ನಾವೇ ಬಣ್ಣ ಇಟ್ಟು ನೋಡಬೇಕು. ನಾನು ಇಟ್ಟು ನೋಡಿದ್ದೇನೆ. ದಸರಾ ಮುಗಿದಮೇಲೆ ಅಜ್ಜಿಯ ಮನೆಗೆ ವಾಪಸ್ ಹೋಗಿ, ತಲೆ ತಗ್ಗಿಸಿ, ಕಲಿಸಿ ಅಂದೆ. ಅವರು ಒಂದು ಮಣ್ಣಿನ ಬಳೆಗಾರನನ್ನು ಕೈಗೆ ಕೊಟ್ಟರು. ಪಂಚೆ, ಅಂಗಿ, ಪೇಟ ಹೇಗೋ ಆಯಿತು. ಕಣ್ಣಿಗೆ ಬಂದಾಗ ಉಸಿರು ಬಿಟ್ಟರೂ ಕೈ ಅಲುಗುತ್ತದೆ. ಎಡಗಣ್ಣು ಸರಿಯಾಗಿ ಕೂತಿತು, ಬಲಗಣ್ಣು ಆಕಾಶ ನೋಡಿತು. ಅಳಿಸಿ ಮತ್ತೆ ಬರೆದೆ. ಒಂದು ಸಂಜೆ ಪೂರ್ತಿ ಹೋಯಿತು. ಮುಗಿದಾಗ ನನ್ನ ಬಳೆಗಾರ ಸ್ವಲ್ಪ ಮೆಳ್ಳಗಣ್ಣಿನವನಾಗಿದ್ದ. ಆವತ್ತಿನಿಂದ ಬಣ್ಣದ ಗೊಂಬೆಯ ಮುಂದೆ ನಿಂತು ಚೌಕಾಸಿ ಮಾಡುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಇದು ನಮ್ಮ ಊರಿನ ಅಜ್ಜಿಯೊಬ್ಬರ ಹುಚ್ಚು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಗೇಮ್ಸ್ ವರ್ಕ್‌ಶಾಪ್ ಅನ್ನುವ ಕಂಪನಿಯಿದೆ. 1975ರಲ್ಲಿ ಶುರುವಾದದ್ದು. ಅದು ಮಾರುವುದು ಹೆಬ್ಬೆರಳಿನ ಒಂದು ಗಿಣ್ಣಿನಷ್ಟು ಎತ್ತರದ ಸೈನಿಕರು, ರಾಕ್ಷಸರು. ಪ್ಲಾಸ್ಟಿಕ್‌ನದು, ಬಿಡಿ ಭಾಗಗಳಾಗಿ ಬರುತ್ತದೆ, ಬಣ್ಣ ಇರುವುದಿಲ್ಲ. ಕೊಂಡವರೇ ಅಂಟಿಸಿ, ಕೊಂಡವರೇ ಬಣ್ಣ ಬಳಿದು, ಆಮೇಲೆ ಮೇಜಿನ ಮೇಲೆ ಯುದ್ಧದ ಆಟ ಆಡುತ್ತಾರೆ. ಬ್ಯಾಂಕಿನವರು, ಲಾರಿ ಓಡಿಸುವವರು, ಮೇಷ್ಟ್ರುಗಳು, ಎಲ್ಲರೂ ಇದ್ದಾರೆ. ಅದೇ ಕಂಪನಿ 1987ರಿಂದ 'ಗೋಲ್ಡನ್ ಡೀಮನ್' ಅನ್ನುವ ಬಣ್ಣದ ಸ್ಪರ್ಧೆ ನಡೆಸುತ್ತಿದೆ. ಎಲ್ಲಕ್ಕಿಂತ ಮೇಲಿನ ಬಹುಮಾನ ಒಂದು ಖಡ್ಗ. ಅಲ್ಲಿ ಗೆಲ್ಲುವುದು ಚೆನ್ನಾಗಿ ಬಣ್ಣ ಬಳಿದವನು. 800 ಕೊಂಡವನು ಅಲ್ಲಿ ಬರೀ ಗಿರಾಕಿ.

ಅವರಲ್ಲೂ ನಮ್ಮದೇ ರೋಗವಿದೆ. ಕೊಂಡು ಕೊಂಡು ಬಣ್ಣ ಬಳಿಯದೆ ಬಿಟ್ಟ ಡಬ್ಬಿಗಳು ಮಂಚದ ಕೆಳಗೆ ರಾಶಿ ಬೀಳುತ್ತವೆ. ಆ ರಾಶಿಗೆ ಅವರೇ ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳಿದರೆ 'ನಾಚಿಕೆಯ ರಾಶಿ'. ನಾವು ಅದನ್ನೇ ಲೈಟ್ ಹಾಕಿ ಮೆಟ್ಟಿಲ ಮೇಲೆ ಕೂರಿಸಿ ಕಪ್ ಕೊಡುತ್ತೇವೆ. ಅವರು ನಾಚಿಕೆ ಕಳೆಯುವುದಕ್ಕೆ ಗೆಳೆಯರ ಗುಂಪು ಕಟ್ಟಿಕೊಂಡು ಪಣ ತೊಡುತ್ತಾರೆ. ಈ ತಿಂಗಳಲ್ಲಿ ಇಷ್ಟು ಗೊಂಬೆಗೆ ಬಣ್ಣ ಮುಗಿಸುತ್ತೇನೆ, ಮುಗಿಯುವ ತನಕ ಹೊಸದು ಕೊಳ್ಳುವುದಿಲ್ಲ ಅಂತ. ಒಬ್ಬರಿಗೊಬ್ಬರು ಫೋಟೊ ತೋರಿಸುತ್ತಾರೆ, ಹಿಂದೆ ಬಿದ್ದವನನ್ನು ಹುರಿದುಂಬಿಸುತ್ತಾರೆ.

ಆ ಪಣ ನಮಗೆ ಬೇಕು. ಅವರ ರಾಕ್ಷಸರು ಬೇಡ, ಪಣ ಸಾಕು.

ನಮ್ಮ ಪಂಚಾಂಗ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗೌರಿ-ಗಣೇಶ ಹಬ್ಬದಿಂದ ನವರಾತ್ರಿಗೆ ಸುಮಾರು ನಾಲ್ಕು ವಾರ. ನವರಾತ್ರಿಯ ಒಂದೊಂದು ದಿನಕ್ಕೆ ಒಂದರಂತೆ 9 ಗೊಂಬೆ. ಅಂದರೆ ಒಂದು ಗೊಂಬೆಗೆ 3 ದಿನ. ಇದು ಯಾರಿಗೂ ಭಾರವಲ್ಲ. ನಿಯಮಗಳು ಹೀಗಿರಲಿ.

ಒಂದು, ಬಣ್ಣ ಹಚ್ಚುವ ಮೊದಲು ಒಂದು ಫೋಟೊ, ಮುಗಿದಮೇಲೆ ಒಂದು ಫೋಟೊ, ಊರಿನ ವಾಟ್ಸಾಪ್ ಗುಂಪಿಗೆ.

ಎರಡು, 9ರಲ್ಲಿ ಕನಿಷ್ಠ ಒಂದು ಅಟ್ಟದಿಂದ ಇಳಿಸಿದ, ಮುಕ್ಕಾದ ಹಳೆಯ ಗೊಂಬೆ ಆಗಿರಬೇಕು.

ಮೂರು, ಸಂಖ್ಯೆಗೂ ಬೆಲೆಗೂ ಅಂಕವಿಲ್ಲ.

ನಾಲ್ಕು, ತೀರ್ಪುಗಾರರಲ್ಲಿ ಒಬ್ಬರಾದರೂ ಬಣ್ಣ ಬಳಿದು ಬದುಕುವವರು ಇರಬೇಕು. ಅವರಿಗೆ ಶಾಲಿನ ಜೊತೆ ಸಂಭಾವನೆಯನ್ನೂ ಕೊಡಬೇಕು.

ಐದು, ಜಾಗ ಯಾರ ಮನೆಯ ಪಡಸಾಲೆಯೂ ಅಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತೇವಲ್ಲ, ಅಲ್ಲಿ ಒಂದು ಮೇಜು ಹಾಕಿದರೆ ಸಾಕು.

ಐದನೆಯದನ್ನು ಬೇಕಂತಲೇ ಹೇಳಿದ್ದೇನೆ. ಗೊಂಬೆ ಕೂರಿಸುವುದು ಕೆಲವೇ ಮನೆಗಳ ಪದ್ಧತಿ ಅನ್ನುವ ಭಾವನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಮದುವೆಯಲ್ಲಿ ಮಗಳಿಗೆ ಪಟ್ಟದ ಗೊಂಬೆ ಕೊಟ್ಟು ಕಳಿಸುವ ಮನೆಗಳು ಒಂದು ಕಡೆ, ಆ ಗೊಂಬೆ ಮಾಡುವವರು ಇನ್ನೊಂದು ಕಡೆ. ಬಣ್ಣ ಬಳಿದವರಿಗೆ ಮೆಟ್ಟಿಲಿಲ್ಲ, ಮೆಟ್ಟಿಲು ಇದ್ದವರಿಗೆ ಕುಂಚ ಗೊತ್ತಿಲ್ಲ. ಅರಿವು ಕೇಂದ್ರದ ಮೇಜಿನ ಮೇಲೆ ಯಾವ ಮನೆಯ ಮಗುವಾದರೂ ಗೊಂಬೆ ಇಡಬಹುದು. ದೇವರೇ ಆಗಬೇಕಿಲ್ಲ. ಆಶಾ ಕಾರ್ಯಕರ್ತೆ, ಹಾಲಿನ ಡೇರಿ, ಟ್ರ್ಯಾಕ್ಟರ್ ಹತ್ತಿದ ಹುಡುಗಿ, ಏನಾದರೂ ಆಗಲಿ.

ಆಕ್ಷೇಪಗಳು ಬರುತ್ತವೆ, ಗೊತ್ತು.

"ಎಲ್ಲರೂ ಮನೆಯಲ್ಲೇ ಬಣ್ಣ ಬಳಿದರೆ ಕುಶಲಕರ್ಮಿಯ ಹೊಟ್ಟೆಗೆ ಕಲ್ಲು ಬೀಳುವುದಿಲ್ಲವೇ?" ಇದು ಒಳ್ಳೆಯ ಪ್ರಶ್ನೆ. ಆದರೆ ಬಣ್ಣವಿಲ್ಲದ ಗೊಂಬೆ ಎಲ್ಲಿಂದ ಬರುತ್ತದೆ? ನಿಮ್ಮ ಹೋಬಳಿಯ ಕುಂಬಾರರಿಂದ ತನ್ನಿ, ಮರ ಕೆತ್ತುವವರಿಂದ ತನ್ನಿ. ಅವರಿಗೆ ಈಗಾಗಲೇ ಹೇಳಿಟ್ಟರೆ ಗೌರಿ ಹಬ್ಬದ ಹೊತ್ತಿಗೆ ಮಾಡಿಕೊಡುತ್ತಾರೆ. ಆಮೇಲೆ, ತಾನು ಬರೆದ ಮೆಳ್ಳಗಣ್ಣು ನೋಡಿದವನೇ ಕಿನ್ನಾಳದ ಗೊಂಬೆಯ ಕಣ್ಣಿಗೆ ಪೂರ್ತಿ ಬೆಲೆ ಕೊಡುವವನು. ಅಡುಗೆ ಮಾಡಿ ಗೊತ್ತಿರುವವರೇ ಅಲ್ಲವೇ ಒಳ್ಳೆಯ ಅಡುಗೆಯವರನ್ನು ಹುಡುಕಿಕೊಂಡು ಹೋಗುವವರು?

"ಇದಕ್ಕೆಲ್ಲ ಟೈಮ್ ಎಲ್ಲಿದೆ?" ಈ ಬರಹ ಓದುತ್ತಿರುವ ಫೋನಿನಲ್ಲೇ ದಿನಕ್ಕೆ ಎಷ್ಟು ಗಂಟೆ ಸ್ಕ್ರೀನ್ ನೋಡಿದ್ದೀರಿ ಅಂತ ಲೆಕ್ಕ ಸಿಗುತ್ತದೆ. ಒಮ್ಮೆ ತೆಗೆದು ನೋಡಿ. ನಾನು ನನ್ನದನ್ನು ನೋಡಿದಮೇಲೆ ಈ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ.

"ಇದು ಹೆಂಗಸರು ಮಕ್ಕಳ ಕೆಲಸ." ಕಿನ್ನಾಳದ ಗಂಡಸರ ಮುಂದೆ ಹೋಗಿ ಈ ಮಾತು ಹೇಳಿ ಬನ್ನಿ.

ಶುರು ಮಾಡುವವರಿಗೆ ಅಜ್ಜಿ ಹೇಳಿಕೊಟ್ಟ ನಾಲ್ಕು ಮಾತು. ಹಸಿಮಣ್ಣಿನ ಗೊಂಬೆಯನ್ನು ನೀರಲ್ಲಿ ತೊಳೆಯಬೇಡಿ, ಕರಗಿಬಿಡುತ್ತದೆ; ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಮೊದಲು ಮೈಪೂರ್ತಿ ಬಿಳಿ ಹಚ್ಚಿ ಒಣಗಿಸಿ, ಆಗ ಮೇಲಿನ ಬಣ್ಣ ಎದ್ದು ಕಾಣುತ್ತದೆ. ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ. ಒಂದೇ ಸಲ ಗಟ್ಟಿಯಾಗಿ ಬಳಿದರೆ ಮೂಗು ಬಾಯಿ ಎಲ್ಲ ಮುಚ್ಚಿಹೋಗುತ್ತದೆ. ನೆರಳಲ್ಲಿ ಒಣಗಿಸಿ, ಕಣ್ಣು ಕೊನೆಗೆ.

ಅದಕ್ಕೆ ನಾನು ಸೇರಿಸುವುದು ಇಷ್ಟು. ಗೇಟಿಗೆ ಹೊಡೆದು ಉಳಿದ ಹಳೇ ಆಯಿಲ್ ಪೇಂಟನ್ನು ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿ ಸೀಸ ಇರಬಹುದು, ಸೀಸ ಮಕ್ಕಳ ಮೆದುಳಿಗೆ ವಿಷ. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ದಾಟಬಾರದು ಅಂತ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು, 2017ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಡಬ್ಬಿಯ ಮೇಲೆ ಓದಿ ಕೊಳ್ಳಿ. ನೀರಲ್ಲಿ ಕಲಸುವ ಬಣ್ಣ ಸಾಕು. ಹಳೇ ಗೊಂಬೆಯ ಬಣ್ಣ ಕೆರೆದು ಪುಡಿ ಎಬ್ಬಿಸಬೇಡಿ. ಮೊನೆ ಚೂಪಾಗಲಿ ಅಂತ ಕುಂಚವನ್ನು ಬಾಯಲ್ಲಿ ಚೀಪಬೇಡಿ. ತಲೆಮಾರುಗಳ ಹಿಂದಿನ ಪಟ್ಟದ ಗೊಂಬೆ ಇದ್ದರೆ ಅದರ ತಂಟೆಗೆ ಹೋಗಬೇಡಿ. ಅದರ ಮಾಸಿದ ಬಣ್ಣವೇ ಅದರ ಬೆಲೆ.

ಸ್ಪರ್ಧೆ ನಡೆಸುವ ಸಂಘದವರಿಗೆ, ಬ್ಯಾನರಿಗೆ ದುಡ್ಡು ಕೊಡುವವರಿಗೆ ಕೊನೆಯ ಮಾತು. ಈ ವರ್ಷ ನಿಮ್ಮ ಅಂಕಪಟ್ಟಿ ತೆಗೆದು ಮೊದಲ ಸಾಲು ಹೊಡೆದುಹಾಕಿ. 'ಗೊಂಬೆಗಳ ಸಂಖ್ಯೆ' ಇರುವ ಜಾಗದಲ್ಲಿ 'ಸ್ವಂತ ಕೈಯಿಂದ ಬಳಿದ ಬಣ್ಣ' ಅಂತ ಬರೆಯಿರಿ. ಅದಕ್ಕೆ ನಿಮಗೆ ಒಂದು ಪೈಸೆಯೂ ಖರ್ಚಿಲ್ಲ. ಬರೆಯದಿದ್ದರೆ ಈ ಸಲ ನಾನು ವರದಿಗೆ ಬಂದಾಗ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದಕ್ಕೆ ಬಣ್ಣ ಬಳಿದವರು ಯಾರು? ಬಂದ ಉತ್ತರವನ್ನು ಹಾಗೆಯೇ ಬರೆದು ಕಳಿಸುತ್ತೇನೆ. ಅಚ್ಚಾಗದಿದ್ದರೆ ಇಲ್ಲೇ ಹಾಕುತ್ತೇನೆ.

ಅಜ್ಜಿ ಈ ಸಲವೂ ಕೂರಿಸುತ್ತಾರಂತೆ. ಪೋಸ್ಟ್‌ಮ್ಯಾನ್‌ಗೆ ವಯಸ್ಸಾಯಿತು, ರಿಟೈರ್ ಮಾಡಿಸಿ ಕನ್ನಡಕ ಬರೆಯುತ್ತೇನೆ ಅಂದಿದ್ದಾರೆ. ನನ್ನ ಮೆಳ್ಳಗಣ್ಣಿನ ಬಳೆಗಾರನಿಗೂ ಮೂರನೇ ಮೆಟ್ಟಿಲಲ್ಲಿ ಜಾಗ ಕೊಟ್ಟಿದ್ದಾರೆ.