ಕಲ್ಲು, ಶಾಸನ, ಐತಿಹ್ಯ: ಹರಿಹರೇಶ್ವರ ದೇವಾಲಯದ ಅರ್ಥಗಳು

ದೇವಾಲಯಗಳನ್ನು ಕುರಿತ ಬರವಣಿಗೆಯಲ್ಲಿ ‘ಸಂಕೇತ’ ಎಂಬ ಪದ ತೀರ ಸಲೀಸಾಗಿ ಬಳಕೆಯಾಗುತ್ತಿದೆ. ಕಂಬದ ತಿರುವಿಗೂ ತಳವಿನ್ಯಾಸದ ಮೂಲೆಗೂ ಗೂಢಾರ್ಥ ಹೇಳಿ, ಅದನ್ನೇ ನಿರ್ಮಾತೃವಿನ ಉದ್ದೇಶವೆಂದು ನಿರೂಪಿಸುವ ಪ್ರವೃತ್ತಿಯನ್ನು ಕನ್ನಡ ಸಂಶೋಧನೆ ಮರುಪರಿಶೀಲಿಸಬೇಕಾಗಿದೆ. ದಾವಣಗೆರೆಗೆ ನೆರೆಯ ಹರಿಹರದ ಹರಿಹರೇಶ್ವರ ದೇವಾಲಯ ಇದಕ್ಕೆ ತಕ್ಕ ನಿದರ್ಶನ.

ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಈ ದೇವಾಲಯವನ್ನು ಕಟ್ಟಿಸಿದನು. ಮುಮ್ಮಡಿ ನರಸಿಂಹನ ಕಾಲದಲ್ಲಿ, 1268ರಲ್ಲಿ, ದಂಡನಾಯಕ ಸೋಮನು ಕೆಲವು ಭಾಗಗಳನ್ನು ಸೇರಿಸಿದನು. ವಿಷ್ಣುವಲ್ಲದೆ ದೈವವಿಲ್ಲವೆಂಬವರ, ಶಿವನಲ್ಲದೆ ದೈವವಿಲ್ಲವೆಂಬವರ ಸಂದೇಹವನ್ನು ನೀಗಲು ಕೂಡಲೂರಿನಲ್ಲಿ ಹರಿಹರರೂಪ ಪ್ರಕಟವಾಯಿತೆಂಬುದು ಇಲ್ಲಿನ ಶಾಸನದ ಆಶಯ. ಈ ಸ್ತುತಿಯನ್ನೇ ವಿಸ್ತರಿಸಿ, ಶೈವ-ವೈಷ್ಣವ ಕಲಹವನ್ನು ಶಮನಗೊಳಿಸಲೆಂದೇ ದೇವಾಲಯ ನಿರ್ಮಾಣವಾಯಿತೆಂದು ಬರೆಯುವುದು ರೂಢಿಯಾಗಿದೆ. ಆದರೆ ಹರಿಹರಮೂರ್ತಿ ಆರನೆಯ ಶತಮಾನದ ಬಾದಾಮಿಯ ಒಂದನೆಯ ಗುಹೆಯಲ್ಲಿಯೇ ಕಾಣಸಿಗುತ್ತದೆ. ಹದಿಮೂರನೆಯ ಶತಮಾನದ ಕಲಹವೊಂದರಿಂದ ಈ ರೂಪ ಹುಟ್ಟಿತೆನ್ನಲು ಆಧಾರ ಸಾಲದು.

ಸ್ಥಳಪುರಾಣದ ದಾರಿಯೇ ಬೇರೆ. ಹರಿಯಿಂದಲೂ ಹರನಿಂದಲೂ ಸಾವಿಲ್ಲದಂತೆ ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದಾಗಿ ಸಂಹರಿಸುತ್ತಾರೆ. ಅವನ ಹೆಸರು ಗುಹಾರಣ್ಯವೆಂದು ಕ್ಷೇತ್ರಕ್ಕೆ ಉಳಿಯುತ್ತದೆ. ಶಾಸನದಲ್ಲಿ ಪಂಥಗಳ ಸಂದೇಹಕ್ಕೆ ಪರಿಹಾರವಾದ ಮೂರ್ತಿ ಐತಿಹ್ಯದಲ್ಲಿ ವರದ ಬಿಕ್ಕಟ್ಟಿಗೆ ಪರಿಹಾರವಾಗುತ್ತದೆ. ಮುಖ್ಯವಾಗಿ, ಸೋತವನ ಹೆಸರನ್ನು ಜನ ಮರೆಯುವುದಿಲ್ಲ. ಇವೆರಡನ್ನೂ ‘ಸಮನ್ವಯದ ಸಂಕೇತ’ ಎಂಬ ಒಂದೇ ಮಾತಿಗೆ ಇಳಿಸಿದರೆ ಜನಪದರ ಈ ದನಿ ಅಳಿಸಿಹೋಗುತ್ತದೆ.

ಕಲ್ಲಿನ ಸಾಕ್ಷ್ಯವೂ ಬೇರೆಯದೇ. ಚೌಕಾಕಾರದ ಮಂಟಪವು ಎಲ್ಲ ದಿಕ್ಕುಗಳಲ್ಲಿ ಮುಂಚಾಚಿದೆ; ಅರ್ಧ ಎತ್ತರದ ಗೋಡೆಯ ಮೇಲೆ ತಿರುಗಣೆಯ ಕಂಬಗಳು ಇಳಿಜಾರು ಸೂರನ್ನು ಹೊತ್ತಿವೆ. ಗಾಳಿ ಬೆಳಕಿಗೆ ಒಳಾಂಗಣ ತೆರೆದುಕೊಂಡಿರುವುದಕ್ಕೆ ಈ ರಚನೆಯೇ ಕಾರಣ. ಗರ್ಭಗುಡಿಯ ಮೂಲ ಮೇಲ್ಕಟ್ಟು ಕುಸಿದ ಬಳಿಕ ಇಟ್ಟಿಗೆ-ಗಾರೆಯಲ್ಲಿ ಹೊಸದನ್ನು ಕಟ್ಟಲಾಗಿದೆ. ಅದರಲ್ಲಿ ಹೊಯ್ಸಳ ಸ್ಥಪತಿಯ ಆಶಯವನ್ನು ಅರಸುವುದು ವ್ಯರ್ಥಶ್ರಮವೇ ಸರಿ.

ಇದು ನಮ್ಮಲ್ಲಿಗಷ್ಟೇ ಸೀಮಿತವಲ್ಲ. ಅಮೆರಿಕದ ಸಾಲ್ಟ್ ಲೇಕ್ ನಗರದಲ್ಲಿ ಮಾರ್ಮನ್ ಪಂಥದವರು 1853ರಿಂದ 1893ರವರೆಗೆ ನಿರ್ಮಿಸಿದ ದೇವಾಲಯದಲ್ಲಿ, ಲಿಫ್ಟ್ ಬಳಕೆಗೆ ಬರುವ ಮೊದಲೇ ದೈವಪ್ರೇರಣೆಯಿಂದ ಅದಕ್ಕೆ ಜಾಗ ಬಿಡಲಾಗಿತ್ತೆಂಬ ಐತಿಹ್ಯವಿದೆ. ಅದು ಭಕ್ತರ ನಂಬಿಕೆಯ ಅಧ್ಯಯನಕ್ಕೆ ಅಮೂಲ್ಯ ಆಕರ. ಕಟ್ಟಡದ ನಕ್ಷೆಗೆ ಪ್ರಮಾಣವಲ್ಲ.

ಆದ್ದರಿಂದ ಕ್ಷೇತ್ರಕಾರ್ಯಕ್ಕೆ ತೆರಳುವ ವಿದ್ಯಾರ್ಥಿಗಳು ಶಾಸನ ಹೇಳಿದ್ದು, ಕಟ್ಟಡ ತೋರಿಸುವುದು, ಜನ ಹೇಳುವುದು ಎಂಬ ಮೂರನ್ನೂ ಪ್ರತ್ಯೇಕವಾಗಿ ದಾಖಲಿಸುವಂತೆ ಅಧ್ಯಾಪಕರು ನೋಡಿಕೊಳ್ಳಬೇಕು. ಐತಿಹ್ಯವನ್ನು ಯಾರು, ಯಾವ ಸಂದರ್ಭದಲ್ಲಿ ಹೇಳಿದರೆಂಬುದೂ ಆ ದಾಖಲೆಯಲ್ಲಿರಬೇಕು. ಹೋಲಿಕೆ, ವ್ಯಾಖ್ಯಾನಗಳು ಅನಂತರದ ಕೆಲಸ.